ಬಿಲ್ ಕಳೆದಿದ್ದರೂ ಕೆಟ್ಟ ಮಾಲನ್ನು ವಾಪಸ್ ಪಡೆಯುತ್ತೇವೆ: ನಮ್ಮ ಗ್ರಾಹಕರಿಗೆ ಪತ್ರ

ಮಾನ್ಯ ಗ್ರಾಹಕರೇ,

ಬರುವ ತಿಂಗಳ ಒಂದನೇ ತಾರೀಖಿನಿಂದ ನಮ್ಮ ಅಂಗಡಿಯಲ್ಲಿ ಕೊಂಡ ಮಿಕ್ಸಿ, ಗ್ರೈಂಡರ್, ಕುಕ್ಕರ್, ಫ್ಯಾನ್, ಇಸ್ತ್ರಿಪೆಟ್ಟಿಗೆ ಯಾವುದರಲ್ಲಿ ದೋಷ ಕಂಡರೂ, ಬಿಲ್ ಇಲ್ಲ ಎಂಬ ಒಂದೇ ಕಾರಣಕ್ಕೆ ಯಾರನ್ನೂ ಬರಿಗೈಯಲ್ಲಿ ಕಳಿಸುವುದಿಲ್ಲ. ಗಲ್ಲಾದ ಹಿಂದೆ ತೂಗುಹಾಕಿದ್ದ ‘ಬಿಲ್ ಇಲ್ಲದೆ ಬದಲಾವಣೆ ಇಲ್ಲ’ ಎಂಬ ಫಲಕವನ್ನು ಈಗಾಗಲೇ ಇಳಿಸಿದ್ದೇವೆ.

ಮಾಲು ನಮ್ಮಲ್ಲೇ ಕೊಂಡದ್ದು ಎಂದು ತಿಳಿದರೆ ಸಾಕು. ಮೊಬೈಲಿನಲ್ಲಿ ಹಣ ಕಳಿಸಿದ ದಾಖಲೆ ತೋರಿಸಿ, ಬ್ಯಾಂಕ್ ಪಾಸ್‌ಬುಕ್ ತನ್ನಿ, ಇಲ್ಲವೇ ನಮ್ಮ ಮೊಹರು ಬಿದ್ದ ವಾರಂಟಿ ಕಾರ್ಡ್ ತನ್ನಿ. ಯಾವುದಾದರೂ ಒಂದಿದ್ದರೆ ಆಯಿತು. ನಗದು ಕೊಟ್ಟು ಕೊಂಡವರು ಅಂದಾಜು ತಿಂಗಳು ಹೇಳಿದರೆ ನಮ್ಮ ಹಳೆಯ ಬಿಲ್ಲುಗಳ ಪ್ರತಿಗಳಲ್ಲಿ ಹುಡುಕಿಕೊಡುತ್ತೇವೆ. ಜಿಎಸ್‌ಟಿ ನಿಯಮದ ಪ್ರಕಾರ ಆರು ವರ್ಷಗಳ ಲೆಕ್ಕವನ್ನು ನಾವು ಇಟ್ಟುಕೊಂಡಿರಲೇಬೇಕು, ಇಟ್ಟುಕೊಂಡಿದ್ದೇವೆ. ಇನ್ನು ಮುಂದೆ ಮಾರುವ ಪ್ರತಿ ಮಾಲಿನ ತಳದಲ್ಲಿರುವ ಸೀರಿಯಲ್ ನಂಬರನ್ನು ನಿಮ್ಮ ಮೊಬೈಲ್ ನಂಬರಿನ ಜೊತೆ ರಿಜಿಸ್ಟರಿನಲ್ಲಿ ಬರೆದಿಡುತ್ತೇವೆ. ದಯವಿಟ್ಟು ತಳದಲ್ಲಿ ಆ ನಂಬರಿರುವ ಚೀಟಿಯನ್ನು ಸೋಪಿನ ನೀರಿನಲ್ಲಿ ಉಜ್ಜಬೇಡಿ.

ಪದೇ ಪದೇ ಕಿವಿಗೆ ಬೀಳುವ ಒಂದು ಮಾತಿಗೆ ಇಲ್ಲಿ ಉತ್ತರ ಕೊಡಲೇಬೇಕು. ‘ಅಪ್ಪನ ಕಾಲದಿಂದ ಇಲ್ಲೇ ವ್ಯಾಪಾರ ಮಾಡುತ್ತಿದ್ದೇವೆ. ಮುಖ ಕಂಡರೂ ಬಿಲ್ ಕೇಳುತ್ತೀರಲ್ಲ, ನಾವೇನು ಕಳ್ಳರೇ?’ ಅಂಗಡಿಗೆ ಬಂದವರಷ್ಟೇ ಅಲ್ಲ, ಮದುವೆ ಮನೆಯ ಪಂಕ್ತಿಯಲ್ಲಿ ಪಕ್ಕಕ್ಕೆ ಕೂತವರೂ ಹೀಗೆ ಕೇಳಿದ್ದಾರೆ. ಕೇಳಿದಾಗಲೆಲ್ಲ ಮನಸ್ಸಿಗೆ ನೋವಾಗಿದೆ. ಅಪನಂಬಿಕೆಯಿಂದ ನಾವು ಯಾರ ಬಳಿಯೂ ಬಿಲ್ ಕೇಳಿದ್ದಲ್ಲ. ನಿಮ್ಮ ಮುಖದ ಗುರುತು ನಮಗಿದೆ, ಬೆಂಗಳೂರಿನ ವಿತರಕರಿಗೆ ಇಲ್ಲ. ಕೆಟ್ಟ ಮಿಕ್ಸಿಯನ್ನು ಅವರು ಹಿಂದಕ್ಕೆ ಪಡೆಯಬೇಕಾದರೆ ಬಿಲ್ಲಿನ ಪ್ರತಿ, ಸೀರಿಯಲ್ ನಂಬರ್, ಮಾರಿದ ತಾರೀಖು ಮೂರೂ ತಾಳೆಯಾಗಬೇಕು. ಒಂದು ತಪ್ಪಿದರೂ ಮಾಲು ಲಾರಿ ಹತ್ತಿ ತಿಪಟೂರಿಗೇ ಮರಳುತ್ತದೆ, ಹೋಗಿಬರುವ ಬಾಡಿಗೆ ನಮ್ಮ ತಲೆಯ ಮೇಲೆ.

ತೆರಿಗೆಯ ಮಾತನ್ನೂ ಹೇಳಿಬಿಡುತ್ತೇವೆ, ಏಕೆಂದರೆ ಅದಕ್ಕೂ ನಮ್ಮನ್ನೇ ದೂರುತ್ತಾರೆ. 3,540 ರೂಪಾಯಿಯ ಮಿಕ್ಸಿಯಲ್ಲಿ 540 ರೂಪಾಯಿ ಜಿಎಸ್‌ಟಿ, ಶೇ 18ರ ಲೆಕ್ಕ. ಆ ಹಣ ನಮ್ಮ ಗಲ್ಲಾದಲ್ಲಿ ಉಳಿಯುವುದಿಲ್ಲ, ಸರ್ಕಾರಕ್ಕೆ ಹೋಗುತ್ತದೆ. ನಿಮಗೆ ಪೂರ್ತಿ ಹಣ ಮರಳಿಸಿದ ಮೇಲೆ ಆ ತೆರಿಗೆಯನ್ನು ನಮ್ಮ ಲೆಕ್ಕದಿಂದ ಇಳಿಸಿಕೊಳ್ಳಲು ಮೂಲ ಬಿಲ್ಲಿನ ಆಧಾರದ ಮೇಲೆ ಕ್ರೆಡಿಟ್ ನೋಟ್, ಅಂದರೆ ಹಣ ಮರಳಿಸಿದ್ದಕ್ಕೆ ದಾಖಲೆಯ ಚೀಟಿ, ಬರೆಯಬೇಕು. ಅದಕ್ಕೂ ಗಡುವಿದೆ, ಹೆಚ್ಚೆಂದರೆ ಮಾಲು ಮಾರಿದ ಆರ್ಥಿಕ ವರ್ಷ ಮುಗಿದ ಮೇಲಿನ ನವೆಂಬರ್ 30. ಯಾವ ಬಿಲ್ ಎಂದು ಗೊತ್ತಾಗದಿದ್ದರೆ ಮಾಲಿನ ಬೆಲೆಯ ಜೊತೆ ತೆರಿಗೆಯೂ ಕೈಬಿಟ್ಟಂತೆಯೇ. ಸಣ್ಣ ಅಂಗಡಿಗೆ ಇದು ಸಣ್ಣ ಪೆಟ್ಟಲ್ಲ. ‘ಆನ್‌ಲೈನಿನವರು ಏನೂ ಕೇಳದೆ ವಾಪಸ್ ಪಡೆಯುತ್ತಾರೆ’ ಎನ್ನುವವರು ಇದನ್ನೂ ಗಮನಿಸಬೇಕು: ಅಲ್ಲಿ ನಿಮ್ಮ ಖರೀದಿಯ ದಾಖಲೆ ನಿಮ್ಮ ನಂಬರಿನ ಜೊತೆಗೇ ಇರುತ್ತದೆ. ನಮ್ಮ ಹೊಸ ರಿಜಿಸ್ಟರ್ ಅದೇ ಕೆಲಸ ಮಾಡಲಿದೆ.

ಇಷ್ಟೆಲ್ಲ ಹೊರೆ ಇದ್ದರೂ ನಿಯಮ ಬದಲಿಸಲು ಮುಖ್ಯ ಕಾರಣ ಮುಯ್ಯಿ. ನಮ್ಮಲ್ಲಿ ಮಾರಾಟವಾಗುವ ಮಿಕ್ಸಿ, ಕುಕ್ಕರುಗಳಲ್ಲಿ ಎಷ್ಟೋ ಮದುವೆಗೆ, ಗೃಹಪ್ರವೇಶಕ್ಕೆ ಹೋಗುತ್ತವೆ. ಮೊನ್ನೆ ಹೊಸದಾಗಿ ಮದುವೆಯಾದ ಹೆಣ್ಣುಮಗಳೊಬ್ಬಳು ಬಣ್ಣದ ಕಾಗದದ ಚೂರು ಇನ್ನೂ ಅಂಟಿಕೊಂಡಿದ್ದ ಡಬ್ಬವನ್ನು ಹೊತ್ತು ತಂದಳು. ಒಳಗಿದ್ದ ಕುಕ್ಕರಿನ ಮುಚ್ಚಳದ ಅಂಚು ಸೊಟ್ಟಗಿತ್ತು, ಗ್ಯಾಸ್ಕೆಟ್ ಕೂರುತ್ತಲೇ ಇರಲಿಲ್ಲ. ತಯಾರಿಕೆಯಲ್ಲೇ ಆದ ದೋಷ, ಕಣ್ಣಿಗೆ ಕಾಣುವಂತಿತ್ತು. ಉಡುಗೊರೆ ಕೊಟ್ಟ ಸೋದರಮಾವನ ಬಳಿ ಹೋಗಿ ಬಿಲ್ ಕೊಡಿ ಎನ್ನಲು ಅವಳಿಗೆ ಬಾಯಿ ಬರುತ್ತದೆಯೇ? ಕೊಂಡವರ ಒಪ್ಪಿಗೆಯಿಂದ ವಸ್ತುವನ್ನು ಬಳಸುವವರೂ ಗ್ರಾಹಕರೇ ಎಂದು ಕಾನೂನು ಹೇಳುತ್ತದೆ. ಕುಕ್ಕರ್ ಬದಲಿಸಿ ಕೊಟ್ಟೆವು.

2020ರ ಜುಲೈ 20ರಂದು ಜಾರಿಗೆ ಬಂದ ಗ್ರಾಹಕರ ಸಂರಕ್ಷಣಾ ಕಾಯ್ದೆ 2019ರ ಪ್ರಕಾರ ಬಿಲ್ ಕೊಡದಿರುವುದು ಅನುಚಿತ ವ್ಯಾಪಾರ ಪದ್ಧತಿ. ದೋಷವಿರುವ ಮಾಲನ್ನು ಬಿಲ್ಲಿನಲ್ಲಿ ನಮೂದಿಸಿದ ಅವಧಿಯೊಳಗೆ, ಅವಧಿ ನಮೂದಿಸಿಲ್ಲದಿದ್ದರೆ 30 ದಿನಗಳೊಳಗೆ ವಾಪಸ್ ಪಡೆಯಲು ಒಪ್ಪದಿರುವುದೂ ಅದೇ. ನಾವು ಬಿಲ್ ಕೊಡದೆ ಯಾವ ಮಾಲನ್ನೂ ಮಾರಿದವರಲ್ಲ. ಆದರೆ ಯಂತ್ರದಿಂದ ಬರುವ ಆ ನುಣುಪು ಕಾಗದದ ಬಿಲ್ ಬಿಸಿಲು, ಅಡುಗೆಮನೆಯ ಶಾಖ ತಗುಲಿದರೆ ಅಕ್ಷರವೇ ಉಳಿಯದಂತೆ ಮಾಸುತ್ತದೆ. ಅದಕ್ಕೇ ಕಾರ್ಬನ್ ಇಟ್ಟು ಕೈಯಲ್ಲಿ ಬರೆಯುವ ಬಿಲ್ ಪುಸ್ತಕಕ್ಕೆ ಮರಳುತ್ತಿದ್ದೇವೆ. ಬರೆಯುವಷ್ಟು ಹೊತ್ತು ನೀವು ನಿಲ್ಲಬೇಕಾಗುತ್ತದೆ, ಕ್ಷಮಿಸಿ.

ಬಣ್ಣ ಮನಸ್ಸಿಗೆ ಹಿಡಿಸಲಿಲ್ಲ ಎಂಬುದು ದೋಷವಲ್ಲ. ಕೈಜಾರಿ ಬಿದ್ದು ಒಡೆದ ಜಾರೂ ಅಷ್ಟೇ. ದೂರದ ಹಳ್ಳಿಗಳಿಂದ ಮಿಕ್ಸಿ ಹೊತ್ತು ಬರುವವರಿಗೆ ಇನ್ನೊಂದು ಮಾತು: ಗಟ್ಟಿ ಕೊಬ್ಬರಿಯನ್ನು ಜಾರಿನ ತುಂಬ ಹಾಕಿ ತಿರುಗಿಸಿದಾಗ ಮೋಟಾರ್ ಸುಡದಿರಲೆಂದು ಮಿಕ್ಸಿ ತಾನೇ ನಿಂತುಬಿಡುತ್ತದೆ. ಪ್ಲಗ್ ತೆಗೆದು, ಸ್ವಲ್ಪ ಹೊತ್ತು ಆರಲು ಬಿಟ್ಟು, ತಳದಲ್ಲಿರುವ ಕೆಂಪು ಗುಂಡಿಯನ್ನು ಒತ್ತಿ ನೋಡಿ. ಆಗಲೂ ತಿರುಗದಿದ್ದರೆ ಬಸ್ ಹತ್ತಿ.

ಮಾಲನ್ನು ನಿಮ್ಮೆದುರಿಗೇ ಪರೀಕ್ಷಿಸುತ್ತೇವೆ. ದೋಷ ಕಂಡರೆ ಬದಲಿ ಅಥವಾ ಹಣ, ಆಯ್ಕೆ ನಿಮ್ಮದು. ಬದಲಿ ಮಾಲು ದಾಸ್ತಾನಿನಲ್ಲಿ ಇಲ್ಲದಿದ್ದರೆ ಕೆಲವು ದಿನ ಕಾಯಬೇಕಾದೀತು, ಅದಕ್ಕೂ ಮೊದಲೇ ಕ್ಷಮೆ ಕೇಳುತ್ತೇವೆ. ಕೆಲಸದ ಹುಡುಗರು ಅನುಮಾನಿಸಿದರೆ ವಾದಕ್ಕೆ ನಿಲ್ಲದೆ ನನ್ನನ್ನು ಕರೆಯಿರಿ, ನಾನೇ ಬಂದು ನೋಡುತ್ತೇನೆ. ನನ್ನ ತೀರ್ಮಾನವೂ ಸರಿಯಿಲ್ಲ ಎನಿಸಿದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಕರೆ ಮಾಡಬಹುದು, ಜಿಲ್ಲಾ ಗ್ರಾಹಕರ ಆಯೋಗಕ್ಕೆ ದೂರನ್ನೂ ಕೊಡಬಹುದು. ಐದು ಲಕ್ಷ ರೂಪಾಯಿಯವರೆಗಿನ ಖರೀದಿಯ ದೂರಿಗೆ ಅಲ್ಲಿ ಶುಲ್ಕವಿಲ್ಲ. ಆ ದೂರಿಗೆ ಬೇಕಾಗುವ ನಮ್ಮ ಬಿಲ್ಲಿನ ನಕಲನ್ನು ನಾವೇ ತೆಗೆದು, ಮೊಹರು ಹಾಕಿ ಕೊಡುತ್ತೇವೆ.

ನಿಮ್ಮ ವಿಶ್ವಾಸಿ,
ಅಂಗಡಿಯ ಮಾಲೀಕ, ತಿಪಟೂರು