ಕಳೆ ಔಷಧಿ ಮಾರಾಟ ಮತ್ತು ಪಂಪು ಬಾಡಿಗೆ: ಬರುವ ತಿಂಗಳಿಂದ ಬದಲಾವಣೆ

ಮಾನ್ಯ ಸದಸ್ಯರೇ, ಗ್ರಾಹಕರೇ,

ಬರುವ ತಿಂಗಳ 1ರಿಂದ ನಮ್ಮ ಚಿಂತಾಮಣಿ ಮಳಿಗೆಯಲ್ಲಿ ಕಳೆ ಔಷಧಿಯೂ ಹುಳದ ಔಷಧಿಯ ಜೊತೆಗೇ ಬೀಗ ಹಾಕಿದ ಬೀರುವಿನಲ್ಲಿರುತ್ತದೆ. ಯಾವ ಬೆಳೆಗೆ ಎಂದು ಬಿಲ್ಲಿನಲ್ಲಿ ಬರೆಯುತ್ತೇವೆ. ಔಷಧಿ ಹೊಡೆಯುವ ಬಾಡಿಗೆ ಪಂಪುಗಳನ್ನು ಬೇರೆ ಮಾಡಿದ್ದೇವೆ: ಬಿಳಿ ಪಟ್ಟಿಯದು ಕಳೆ ಔಷಧಿಗೆ ಮಾತ್ರ.

"ಹುಲ್ಲು ಸಾಯಿಸೋದು ತಾನೇ, ಅದೂ ಕೀಟನಾಶಕವೇ?" ಎಂದು ಹಲವರು ಕೇಳುತ್ತೀರಿ. ಕಾನೂನಿನ ಲೆಕ್ಕದಲ್ಲಿ ಹೌದು. 1968ರ ಕೀಟನಾಶಕ ಕಾಯ್ದೆ ಶಿಲೀಂಧ್ರನಾಶಕ, ಕಳೆನಾಶಕಗಳನ್ನೂ ಒಳಗೊಂಡಿದೆ. ಡಬ್ಬಿಯ ಮೇಲಿನ ಬಣ್ಣದ ಗುರುತು ಎಲ್ಲಕ್ಕೂ ಒಂದೇ: ಕೆಂಪು ಅತಿ ಘೋರ ವಿಷ, ಆಮೇಲೆ ಹಳದಿ, ನೀಲಿ, ಹಸಿರು. ಕಳೆ ಔಷಧಿಯಾದ ಪ್ಯಾರಾಕ್ವಾಟ್ ಹಳದಿ ಗುಂಪಿನದು. ಹೊಟ್ಟೆಗೆ ಹೋದರೆ ಅದಕ್ಕೆ ಪ್ರತಿವಿಷವಿಲ್ಲ. ದಯವಿಟ್ಟು ನೀರಿನ ಬಾಟಲಿಗೆ, ಕೂಲ್‌ಡ್ರಿಂಕ್ಸ್ ಬಾಟಲಿಗೆ ಸುರಿದಿಡಬೇಡಿ. ಮನೆಯಲ್ಲಿ ಮಕ್ಕಳಿರುತ್ತಾರೆ.

ಪಂಪು ಬೇರೆ ಮಾಡಲು ಮುಖ್ಯ ಕಾರಣ ಟೊಮೆಟೊ. ರಾಗಿ ಹೊಲಕ್ಕೆ 2,4-ಡಿ ಎಂಬ ಕಳೆ ಔಷಧಿ ಹೊಡೆದ ಪಂಪನ್ನು ಬರೀ ನೀರಲ್ಲಿ ತೊಳೆದು ಟೊಮೆಟೊಗೆ ತಂದರೆ, ಪೈಪು, ವಾಷರುಗಳಲ್ಲಿ ಉಳಿದಷ್ಟೇ ಸಾಕು: ಎಲೆ ಕಿರಿದಾಗುತ್ತದೆ, ತೊಟ್ಟು ತಿರುಚುತ್ತದೆ, ಸುಳಿ ಬಾಗುತ್ತದೆ. ದ್ರಾಕ್ಷಿಯೂ ಅಷ್ಟೇ ಸೂಕ್ಷ್ಮ. ಇದನ್ನು ಎಲೆ ಮುದುರು ರೋಗವೆಂದುಕೊಂಡು, ಅದನ್ನು ಹರಡುವ ಬಿಳಿ ನೊಣಕ್ಕೆ ಔಷಧಿ ಹೊಡೆದರೆ ದುಡ್ಡು ದಂಡ. ರೋಗವಾದರೆ ಅಲ್ಲೊಂದು ಇಲ್ಲೊಂದು ಗಿಡದಲ್ಲಿ ಶುರುವಾಗಿ ಹರಡುತ್ತದೆ. ಪಂಪಿನ ದೋಷವಾದರೆ ಹೊಡೆದ ಸಾಲುಗಳೆಲ್ಲ ಕೆಲವೇ ದಿನಗಳಲ್ಲಿ ಒಟ್ಟಿಗೆ ತಿರುಚುತ್ತವೆ. ಪಕ್ಕದ ಹೊಲದ ಕಳೆ ಔಷಧಿ ಗಾಳಿಗೆ ತೂರಿ ಬಂದಿದ್ದರೆ ಆ ಕಡೆಯ ಬದುವಿನ ಗಿಡಗಳಿಗೆ ಪೆಟ್ಟು ಹೆಚ್ಚು.

ಸ್ವಂತ ಪಂಪು ಒಂದೇ ಇರುವವರು ಹೀಗೆ ತೊಳೆಯಿರಿ. ನೀರಿನಲ್ಲಿ ಎರಡು ಸಲ ಜಾಲಿಸಿ, 10 ಲೀಟರ್ ನೀರಿಗೆ 100 ಗ್ರಾಂ ವಾಷಿಂಗ್ ಸೋಡಾ ಕರಗಿಸಿ ತುಂಬಿ. ಸ್ವಲ್ಪ ಹೊಡೆದರೆ ಪೈಪಿಗೂ ಸೋಡಾ ನೀರು ಇಳಿಯುತ್ತದೆ. ರಾತ್ರಿಯಿಡೀ ಹಾಗೇ ಬಿಡಿ. ಬೆಳಿಗ್ಗೆ ಅದನ್ನು ನಾಜಲ್ ಮೂಲಕವೇ ಹೊರಹಾಕಿ, ನಾಜಲ್ ಮತ್ತು ಜಾಲರಿ ಬಿಚ್ಚಿ ತೊಳೆದು, ಮತ್ತೆರಡು ಸಲ ಒಳ್ಳೆ ನೀರು ಹಾಯಿಸಿ. ತೊಳೆದ ನೀರನ್ನು ಕೆರೆ, ಬಾವಿಗಳ ಹತ್ತಿರ ಚೆಲ್ಲಬಾರದು. ಇಷ್ಟು ಮಾಡಿದರೂ ಟೊಮೆಟೊ, ದ್ರಾಕ್ಷಿಗೆ ಬೇರೆ ಪಂಪೇ ಕ್ಷೇಮ ಎಂಬುದು ನಮ್ಮ ಅಭಿಪ್ರಾಯ.

ಬಿಳಿ ಪಟ್ಟಿಯ ಪಂಪಿಗೆ ದಪ್ಪ ಹನಿ ಬೀಳಿಸುವ ಫ್ಲಡ್ ಜೆಟ್ ನಾಜಲ್ ಹಾಕಿದ್ದೇವೆ, ಬದಲಾಯಿಸಬೇಡಿ. ಹುಳದ ಔಷಧಿಗೆ ಬಳಸುವ ಕೋನ್ ನಾಜಲ್ ಹನಿಯನ್ನು ತೀರಾ ಸಣ್ಣದು ಮಾಡುತ್ತದೆ. ಅದು ಗಾಳಿಗೆ ಸಿಕ್ಕಿ ಪಕ್ಕದವರ ಹಿಪ್ಪುನೇರಳೆಗೆ ಬೀಳುತ್ತದೆ.

ಬಾಡಿಗೆ ದರ ಹಿಂದಿನದೇ. ಪಂಪು ಒಯ್ಯುವಾಗ ಯಾವ ಔಷಧಿಗೆಂದು ತಿಳಿಸಿ, ಪುಸ್ತಕದಲ್ಲಿ ಬರೆಸಿ.

ಇಂತಿ,
ಸಂಘದ ಆಡಳಿತ ಮಂಡಳಿ