ಕೆಟ್ಟ ವಾಸನೆಯ ಪೇರ್–ಪೀಚ್ ಪರ್ಫ್ಯೂಮ್ ಬದಲಿಸಿಕೊಡಿ

ಇವರಿಗೆ,
ಗ್ರಾಹಕರ ದೂರು ವಿಭಾಗದ ಅಧಿಕಾರಿಗಳು

ವಿಷಯ: 50 ಮಿ.ಲೀ. ಪೇರ್–ಪೀಚ್ ಓ ಡಿ ಟಾಯ್ಲೆಟ್ (ಹಗುರ ಪರ್ಫ್ಯೂಮ್) ಕೆಟ್ಟು ಬಂದಿರುವುದು, ಡಬ್ಬದ ಮೇಲೆ ತಯಾರಿಕೆಯ ತಿಂಗಳು ಮುಚ್ಚಿರುವುದು

ಮಾನ್ಯರೇ,

ಕಳೆದ ತಿಂಗಳು ನಿಮ್ಮ ವೆಬ್‌ಸೈಟಿನಿಂದ ಈ ಪರ್ಫ್ಯೂಮ್ ತರಿಸಿಕೊಂಡೆ. ಸುಮ್ನೆ ಚಿತ್ರ ನೋಡಿ ತರಿಸಿದ್ದಲ್ಲ. ಅದಕ್ಕೂ ಮೊದಲು ನೀವೇ ಮಾರುವ 2 ಮಿ.ಲೀ. ಸ್ಯಾಂಪಲ್ ತರಿಸಿ, ಆಫೀಸಿಗೂ ಹಾಕಿಕೊಂಡು ಹೋಗಿ, ಮನಸ್ಸಿಗೆ ಹಿಡಿಸಿದ ಮೇಲೇ ದೊಡ್ಡ ಬಾಟಲಿಗೆ ದುಡ್ಡು ಕೊಟ್ಟೆ. ಬಂದ ಬಾಟಲಿಯಲ್ಲಿ ಆ ಘಮ ಇಲ್ಲ.

ಸ್ಯಾಂಪಲ್ ಹೇಗಿತ್ತು ಅಂತ ಹೇಳುತ್ತೇನೆ. ಮಣಿಕಟ್ಟಿಗೆ ಹಾಕಿದ ಕೂಡಲೇ ನಿಂಬೆ ಸಿಪ್ಪೆ ಚಿವುಟಿದಂಥ ಚುರುಕು. ಅದರ ಬೆನ್ನಿಗೇ ಪೇರ್ ಹಣ್ಣು. ಅದೂ ಪೂರ್ತಿ ಮಾಗಿದ್ದಲ್ಲ, ಇನ್ನೂ ಸ್ವಲ್ಪ ಗಟ್ಟಿ ಇರುವ, ಕಚ್ಚಿದರೆ ನೀರು ಬರುವ ಹಣ್ಣು. ಅರ್ಧ ಗಂಟೆ ಕಳೆದ ಮೇಲೆ ಪೀಚ್ ಮೆಲ್ಲಗೆ ಬರುತ್ತಿತ್ತು. ಮಧ್ಯಾಹ್ನದ ಊಟದ ಹೊತ್ತಿಗೆ, ಮೂಗು ಹತ್ತಿರ ತಂದರೆ ಮಾತ್ರ ತಿಳಿಯುವಷ್ಟು ಮಸ್ಕ್ (ಕಸ್ತೂರಿಯಂಥ ಘಮ) ಉಳಿಯುತ್ತಿತ್ತು. ಮೆಟ್ರೋದಲ್ಲಿ ಪಕ್ಕ ನಿಂತವರಿಗೆ ತಲೆನೋವು ತರದ ಸೆಂಟ್. ನನಗೆ ಬೇಕಾಗಿದ್ದೂ ಅಷ್ಟೇ.

ಈ ಬಾಟಲಿ ಮೊದಲ ಸ್ಪ್ರೇಗೇ ಟರ್ಪೆಂಟೈನ್ ತರಹ ಘಾಟು ಹೊಡೆಯುತ್ತದೆ. ಪೇರ್ ಇಲ್ಲವೇ ಇಲ್ಲ. ಘಾಟು ಇಳಿದ ಮೇಲೆ ಪೀಚ್ ಒಂದೇ ಉಳಿಯುತ್ತದೆ, ಅದೂ ಜಾಸ್ತಿ ಸಿಹಿಯಾಗಿ, ಮಂದವಾಗಿ. ಬಣ್ಣವೂ ಬೇರೆ. ಸ್ಯಾಂಪಲ್ ತಿಳಿಯಾಗಿತ್ತು, ಇದು ಹಳದಿಗೆ ತಿರುಗಿದೆ. ಎರಡನ್ನೂ ಬಿಳಿ ಕಾಗದದ ಪಟ್ಟಿಗಳಿಗೆ ಹಾಕಿ ಪಕ್ಕಪಕ್ಕ ಇಟ್ಟು ಮೂಸಿದೆ. ಯಾವುದು ಯಾವುದೆಂದು ಹೇಳದೆ ತಂಗಿಯ ಕೈಗೂ ಕೊಟ್ಟೆ. "ಇದು ಕೆಟ್ಟುಹೋಗಿದೆ ಅಕ್ಕಾ" ಅಂತ ಅವಳು ಹೊಸ ಬಾಟಲಿಯ ಪಟ್ಟಿಯನ್ನೇ ವಾಪಸ್ ಕೊಟ್ಟಳು.

ನಿಮ್ಮ ಕಸ್ಟಮರ್ ಕೇರ್‌ಗೆ ಫೋನ್ ಮಾಡಿದಾಗ ಸಿಕ್ಕ ಉತ್ತರ ಇದು: "ಒಬ್ಬೊಬ್ಬರ ಚರ್ಮಕ್ಕೆ ಒಂದೊಂದು ಥರ ಬರುತ್ತೆ ಮೇಡಂ, ಸ್ವಲ್ಪ ಹೊತ್ತು ಬಿಡಿ, ಸರಿಹೋಗುತ್ತೆ." ಚರ್ಮದ ಮಾತು ನಿಜವೇ ಇರಬಹುದು. ಆದರೆ ಕಾಗದದ ಮೇಲೂ ಹೀಗೇ ಬಂದರೆ ಅದಕ್ಕೇನು ಹೇಳುತ್ತೀರಿ? "ಸ್ವಲ್ಪ ಹೊತ್ತು ಬಿಡಿ" ಅನ್ನುವ ಮಾತಂತೂ ನನಗೆ ನಿಜಕ್ಕೂ ಬೇಸರ ತಂದಿತು. ಊದ್ (ಅಗರು ಮರದ ಸುಗಂಧ) ಇಲ್ಲವೇ ಗಂಧದ ಪರ್ಫ್ಯೂಮ್ ಆಗಿದ್ದರೆ ಕಾಯಬಹುದಿತ್ತು, ಅವುಗಳ ತಿರುಳೆಲ್ಲ ಕೊನೆಯಲ್ಲಿರುತ್ತದೆ. ಹಗುರವಾದ ಹಣ್ಣಿನ ಪರಿಮಳಕ್ಕೆ ಮೊದಲ ಅರ್ಧ ಗಂಟೆಯೇ ಎಲ್ಲ. ಅದನ್ನು ಕಳೆದರೆ ಉಳಿಯುವುದೇನು?

ಬೇಗ ಹಾರಿಹೋಗುತ್ತದೆ ಎಂಬುದು ನನ್ನ ದೂರಲ್ಲ, ದಯವಿಟ್ಟು ಹಾಗೆ ಬರೆದುಕೊಳ್ಳಬೇಡಿ. ಪೇರ್, ಪೀಚ್ ಹಣ್ಣುಗಳಿಂದ ಮಲ್ಲಿಗೆಯ ಹಾಗೆ ಸುಗಂಧ ತೆಗೆಯಲು ಬರುವುದಿಲ್ಲ. ಆ ವಾಸನೆಯನ್ನು ಪ್ರಯೋಗಾಲಯದಲ್ಲೇ ಕಟ್ಟಬೇಕು. ಪೇರ್ ಹಣ್ಣಿನ ತಾಜಾತನಕ್ಕೆ ಹೆಕ್ಸೈಲ್ ಅಸಿಟೇಟ್‌ನಂಥ ಹಗುರ ರಾಸಾಯನಿಕಗಳು, ಅಂದರೆ ಎಸ್ಟರ್‌ಗಳು ಬೇಕು, ಅವು ಬೇಗ ಆರುತ್ತವೆ. ಪೀಚ್ ಘಮ ಕೊಡುವ ಗಾಮಾ-ಅಂಡೆಕಾಲ್ಯಾಕ್ಟೋನ್ ಎಂಬ ರಾಸಾಯನಿಕ ಭಾರ, ಅದು ತುಂಬ ಹೊತ್ತು ನಿಲ್ಲುತ್ತದೆ. ನನ್ನ ಬಾಟಲಿಯಲ್ಲಿ ಪೀಚ್ ಮಾತ್ರ ಉಳಿದಿರುವುದು ಇದಕ್ಕೆ ಸರಿಯಾಗಿ ಹೊಂದುತ್ತದೆ. ನಿಂಬೆ ಜಾತಿಯ ಎಣ್ಣೆಯಲ್ಲಿರುವ ಲಿಮೊನೀನ್ ಎಂಬ ವಸ್ತು ಗಾಳಿ, ಬಿಸಿಲು, ಸೆಕೆಗೆ ಕೆಡುತ್ತದೆ. ಮೊದಲ ಸ್ಪ್ರೇಯ ಆ ಘಾಟು ಇದರದ್ದೇ ಇರಬೇಕು. ಹಾಗೆ ಕೆಟ್ಟ ಲಿಮೊನೀನ್ ಕೆಲವರ ಚರ್ಮಕ್ಕೆ ಅಲರ್ಜಿಯನ್ನೂ ತರುತ್ತದೆ. ಲಿಮೊನೀನ್ ಇದೆ ಅಂತ ನಿಮ್ಮ ಡಬ್ಬದ ಮೇಲೇ ಬರೆದಿದೆ. ಹಾಗಾಗಿ ಇದು ಬರೀ ಇಷ್ಟ–ಕಷ್ಟದ ಮಾತಲ್ಲ. ಬಾಟಲಿ ಮನೆಗೆ ಬಂದ ದಿನವೇ ಹೀಗಿತ್ತು, ಅಂದರೆ ಅದು ಕೆಟ್ಟಿದ್ದು ನಿಮ್ಮ ಗೋದಾಮಿನಲ್ಲೋ ದಾರಿಯಲ್ಲೋ.

ಇನ್ನು ಡಬ್ಬದ ವಿಷಯ. ತಯಾರಿಕೆಯ ತಿಂಗಳಿರುವ ಜಾಗದಲ್ಲಿ ಒಂದು ಸ್ಟಿಕರ್ ಇದೆ. ಮೂಲೆ ಎದ್ದಿತ್ತು, ಎಳೆದು ನೋಡಿದೆ. ಅಡಿಯಲ್ಲಿ ಸ್ಟಿಕರ್ ಮೇಲಿನ ತಿಂಗಳಿಗಿಂತ ಎರಡು ವರ್ಷ ಹಿಂದಿನ ತಿಂಗಳು ಅಚ್ಚಾಗಿದೆ! ಅಚ್ಚಾದ ತಿಂಗಳನ್ನು ಹೀಗೆ ಸ್ಟಿಕರ್ ಹಾಕಿ ಬದಲಿಸಲು 2011ರ ಪ್ಯಾಕೇಜ್ ಸರಕುಗಳ ಲೀಗಲ್ ಮೆಟ್ರಾಲಜಿ (ಕಾನೂನು ಮಾಪನ) ನಿಯಮಗಳಲ್ಲಿ ಅವಕಾಶವಿಲ್ಲ. ಹಳೇ ಸ್ಟಾಕ್ ಅಂತ ಹೇಳಿ ರಿಯಾಯಿತಿಗೆ ಮಾರಿದ್ದರೆ ಬೇಕೋ ಬೇಡವೋ ನಾನೇ ತೀರ್ಮಾನಿಸುತ್ತಿದ್ದೆ. ಪೂರ್ತಿ ಬೆಲೆ ತೆಗೆದುಕೊಂಡು ತಿಂಗಳು ಮುಚ್ಚಿದ್ದು ಮೋಸ ಅಲ್ವಾ?

ನನ್ನ ಸ್ಯಾಂಪಲ್‌ನಂಥದೇ ಹೊಸ ಬ್ಯಾಚಿನ ಬಾಟಲಿ ಕಳಿಸಿ. ಇಲ್ಲವಾದರೆ ಕೊರಿಯರ್ ಖರ್ಚೂ ಸೇರಿಸಿ ಪೂರ್ತಿ ಹಣ ವಾಪಸ್ ಕೊಡಿ. ಕೂಪನ್ ಬೇಡ. ಇದೇ ಬ್ಯಾಚಿನ ಉಳಿದ ಬಾಟಲಿಗಳನ್ನು ಮಾರಾಟದಿಂದ ತೆಗೆದು ಪರೀಕ್ಷೆ ಮಾಡಿಸಿ, ಏನಾಯಿತೆಂದು ನನಗೆ ಬರವಣಿಗೆಯಲ್ಲಿ ತಿಳಿಸಿ. ಬಿಲ್, ಎರಡೂ ತಿಂಗಳು ಕಾಣುವ ಡಬ್ಬದ ಫೋಟೋ, ಬ್ಯಾಚ್ ನಂಬರ್ ಈ ಪತ್ರದ ಜೊತೆಗಿವೆ. ಬಾಟಲಿಯನ್ನೂ ಉಳಿದ ಸ್ಯಾಂಪಲನ್ನೂ ಎತ್ತಿಟ್ಟಿದ್ದೇನೆ, ಕೇಳಿದರೆ ತೋರಿಸುತ್ತೇನೆ.

2020ರ ಇ-ಕಾಮರ್ಸ್ ನಿಯಮಗಳ ಪ್ರಕಾರ ದೂರು ತಲುಪಿದೆ ಎಂದು 48 ಗಂಟೆಯೊಳಗೆ ತಿಳಿಸಬೇಕು, ಒಂದು ತಿಂಗಳೊಳಗೆ ಪರಿಹರಿಸಬೇಕು. ಆಗದಿದ್ದರೆ 1915 ರಾಷ್ಟ್ರೀಯ ಗ್ರಾಹಕ ಸಹಾಯವಾಣಿಗೆ, ಅಲ್ಲಿಂದಲೂ ಆಗದಿದ್ದರೆ ಜಿಲ್ಲಾ ಗ್ರಾಹಕರ ಆಯೋಗಕ್ಕೆ ಹೋಗುತ್ತೇನೆ. ನಿಮ್ಮ ಉತ್ತರಕ್ಕೆ ಕಾಯುತ್ತಿದ್ದೇನೆ.

ಇಂತಿ,
ನಿಮ್ಮ ಗ್ರಾಹಕಿ
ಬೆಂಗಳೂರು