ಇಟಲಿಗೆ ಹೊರಡುವ ಮುನ್ನ ಕಾಗದಪತ್ರ ನೋಡಿ

ಮಾನ್ಯ ಸಂಪಾದಕರೇ,

ಫ್ಲಾರೆನ್ಸ್, ರೋಮ್‌ಗಳ ಕಲಾ ಅಕಾಡೆಮಿಗಳಲ್ಲಿ ಓದಬೇಕೆನ್ನುವ ಧಾರವಾಡ, ಗದಗಿನ ಮಕ್ಕಳು ಎಡವುವುದು ಹೆಚ್ಚಾಗಿ ಕಾಗದಪತ್ರದಲ್ಲಿ. ಎಸ್ಸೆಸ್ಸೆಲ್ಸಿ ಅಂಕಪಟ್ಟಿಯಲ್ಲಿ ಬರೀ ಇನಿಷಿಯಲ್, ಪಾಸ್‌ಪೋರ್ಟಿನಲ್ಲಿ ತಂದೆಯ ಹೆಸರು, ಅಡ್ಡಹೆಸರು ಪೂರ್ತಿ. ಮೊದಲು ಇದನ್ನು ಸರಿಪಡಿಸಿಕೊಳ್ಳಬೇಕು. ಬಳಿಕ ಅಂಕಪಟ್ಟಿಗೆ ರಾಜ್ಯ ಸರ್ಕಾರದ ದೃಢೀಕರಣ, ಆಮೇಲೆ ವಿದೇಶಾಂಗ ಸಚಿವಾಲಯದ ಅಪಾಸ್ಟಿಲ್, ಅಂದರೆ ದಾಖಲೆ ಅಸಲಿಯೆಂದು ಹೊರದೇಶಕ್ಕೆ ಖಾತ್ರಿಪಡಿಸುವ ಮುದ್ರೆ. ಪೂರ್ವ ನೋಂದಣಿ ಇಟಲಿ ಸರ್ಕಾರದ ಯೂನಿವರ್ಸಿಟಾಲಿ ಜಾಲತಾಣದಲ್ಲಿ.

ಅಲ್ಲಿನ ಪ್ರಾದೇಶಿಕ ವಿದ್ಯಾರ್ಥಿವೇತನ ಕುಟುಂಬದ ಆದಾಯ ನೋಡಿ ಸಿಗುತ್ತದೆ. ರೈತರ ಮಕ್ಕಳಿಗೆ ಇದು ನಿಜಕ್ಕೂ ದೊಡ್ಡ ಆಸರೆ. ಆದರೆ ತಹಶೀಲ್ದಾರರ ಆದಾಯ ಪ್ರಮಾಣಪತ್ರವೊಂದೇ ಸಾಲದು. ಮನೆಮಂದಿಯ ವಿವರ, ಮನೆ, ಹೊಲದ ಉತಾರ, ಬ್ಯಾಂಕ್ ಶಿಲ್ಕು ಎಲ್ಲಕ್ಕೂ ದಾಖಲೆ, ಇಟಾಲಿಯನ್ ಅನುವಾದ ಬೇಕು. ಅವರು ಲೆಕ್ಕ ಕೇಳುವುದು ಜನವರಿಯಿಂದ ಡಿಸೆಂಬರ್‌ವರೆಗೆ, ನಮ್ಮ ಆರ್ಥಿಕ ವರ್ಷ ಏಪ್ರಿಲ್‌ನಿಂದ ಮಾರ್ಚ್. ಇದನ್ನು ಗಮನಿಸದೆ ಹೋದವರು ಊರಿನಿಂದ ಕಾಗದ ತರಿಸಿಕೊಳ್ಳುವಷ್ಟರಲ್ಲಿ ಗಡುವು ಮುಗಿಯುತ್ತದೆ. ಇಟಲಿಯಲ್ಲಿ ಇಳಿದ 8 ಕೆಲಸದ ದಿನಗಳೊಳಗೆ ಅಂಚೆ ಕಚೇರಿಯ ಮೂಲಕ ವಾಸದ ಪರವಾನಗಿಗೂ ಅರ್ಜಿ ಹಾಕಬೇಕು.

ನಮ್ಮ ಭಾಗದ ಕಲಾ ಕಾಲೇಜುಗಳು ಅಂತಿಮ ವರ್ಷದ ಆರಂಭದಲ್ಲೇ ಈ ಮಾಹಿತಿ ಕೊಡುವ ವ್ಯವಸ್ಥೆ ಮಾಡಲಿ. ಇಟಾಲಿಯನ್ ಭಾಷಾ ತರಗತಿಯೂ ಜೊತೆಗಿರಲಿ, ಸರ್ಕಾರಿ ಅಕಾಡೆಮಿಗಳಲ್ಲಿ ಪಾಠ ಬಹುತೇಕ ಆ ಭಾಷೆಯಲ್ಲೇ ನಡೆಯುತ್ತದೆ.

— ಕಲಾ ಉಪನ್ಯಾಸಕರು, ಧಾರವಾಡ